ಎಸ್ತೇರ್ ರಾಣಿ ಮತ್ತು ಮಹಾರಾಣಿ ಲಕ್ಷ್ಮಮ್ಮಣ್ಣಿ: ಒಂದು ವಿಮರ್ಶೆ

ಜಯನಗರದ ತರಗತಿಯೊಂದರಲ್ಲಿ ಮೈಸೂರಿನ ಚರಿತ್ರೆಯನ್ನು ಬೋಧಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, "ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಮಾಡಿದ್ದು ರಾಜಭಕ್ತಿಯೋ, ಪಿತೂರಿಯೋ?" ಎಂದು ಕೇಳಿದಳು. ಉತ್ತರಕ್ಕೆ ಮುನ್ನ ಹೀಬ್ರೂ ಧರ್ಮಗ್ರಂಥದ 'ಎಸ್ತೇರ್' ಪುಸ್ತಕವನ್ನು ಓದಿ ಬರುವಂತೆ ಸೂಚಿಸಿದೆನು. ಆ ಸೂಚನೆಗೆ ಕಾರಣವನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ಕಥೆ ಹೀಗಿದೆ. ಪಾರಸಿಕ ದೊರೆ ಅಹಷ್ವೇರೋಷನು ಔತಣದಲ್ಲಿ ತನ್ನ ರಾಣಿ ವಷ್ಟಿಯ ಸೌಂದರ್ಯವನ್ನು ಜನರಿಗೆ ತೋರಿಸಬಯಸಿದನು. ಆಕೆ ಬರಲೊಪ್ಪದೆ ಪದವಿಯನ್ನು ಕಳೆದುಕೊಂಡಳು. ಅವಳ ಸ್ಥಾನಕ್ಕೆ ಬಂದವಳು ಬಂಧುವಾದ ಮೊರ್ದೆಕೈಯ ಪೋಷಣೆಯಲ್ಲಿ ಬೆಳೆದ ಯೆಹೂದಿ ಅನಾಥೆ ಎಸ್ತೇರಳು. ಮಂತ್ರಿ ಹಾಮಾನನು ಯೆಹೂದಿಗಳ ಸಂಹಾರಕ್ಕೆ ರಾಜಾಜ್ಞೆಯನ್ನು ಪಡೆದಾಗ, ತನ್ನ ಕುಲವನ್ನು ಅದುವರೆಗೆ ಮರೆಮಾಡಿದ್ದ ಅವಳು ದೊರೆಯ ಬಳಿಗೆ ಹೋಗಬೇಕಾಯಿತು. ಕರೆಯದೆ ಒಳಾಂಗಣವನ್ನು ಹೊಕ್ಕವರಿಗೆ, ದೊರೆಯು ಸುವರ್ಣದಂಡವನ್ನು ಚಾಚದಿದ್ದಲ್ಲಿ, ಮರಣವೇ ವಿಧಿ. ರಾಣಿಗಾದರೋ ಮೂವತ್ತು ದಿನಗಳಿಂದ ಕರೆಯೇ ಇರಲಿಲ್ಲ. ಅವಳು ಹೊಕ್ಕಳು, ಎರಡು ಔತಣಗಳನ್ನಿತ್ತು, ಸಮಯವರಿತು ಬಿನ್ನವಿಸಿದಳು, ಹಾಮಾನನು ಗಲ್ಲಿಗೇರಿದನು.

ಅಹಷ್ವೇರೋಷನನ್ನು ಕ್ರಿ. ಪೂ. 486ರಿಂದ 465ರವರೆಗೆ ಆಳಿದ ಕ್ಸೆರ್ಕ್ಸೆಸನೆಂದು ಸಾಮಾನ್ಯವಾಗಿ ಗುರುತಿಸುವರು. ಆದರೆ ಹೆರೊಡೊಟಸನು ಹೇಳುವ ರಾಣಿಯ ಹೆಸರು ಅಮೆಸ್ಟ್ರಿಸ್. ಆದುದರಿಂದ ಇದನ್ನು ಚರಿತ್ರೆಯೆನ್ನುವುದಕ್ಕಿಂತ ಆಸ್ಥಾನದ ರೀತಿನೀತಿಗಳನ್ನು ಬಲ್ಲ ಕಥನವೆನ್ನುವುದು ಮೇಲು. ಮತ್ತೊಂದು ಅಂಶವೂ ಗಮನಾರ್ಹವಾದುದು. ಹೀಬ್ರೂ ಮೂಲದಲ್ಲಿ ದೇವರ ಹೆಸರೇ ಬರುವುದಿಲ್ಲ. ಗ್ರೀಕ್ ಪಾಠದಲ್ಲಿ ಎಸ್ತೇರಳ ಪ್ರಾರ್ಥನೆ ಸೇರಿಕೊಂಡಿದೆ. ಸ್ತ್ರೀಯೊಬ್ಬಳ ರಾಜತಂತ್ರವನ್ನು ಬರಿಯ ತಂತ್ರವಾಗಿಯೇ ಒಪ್ಪಲು ಮುಂದಿನವರಿಗೆ ಸಂಕೋಚವಾಗಿರಬೇಕೆಂದು ತೋರುತ್ತದೆ. ಧೈರ್ಯ, ಭಕ್ತಿ, ಸ್ವಜನಪ್ರೇಮ ಎಂಬ ವಾಡಿಕೆಯ ನೀತಿ ಸುಳ್ಳಲ್ಲ. ಆದರೆ ಅಷ್ಟೇ ಸಾಲದು. ಕಿರೀಟವಿದ್ದೂ ಅಧಿಕಾರವಿಲ್ಲದವಳಿಗೆ ಸಾಧನಗಳಾವುವು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಉತ್ತರ: ಬಂಧುಬಲ, ಮೌನ, ಸಮಯಜ್ಞತೆ, ಕಡೆಗೆ ರಾಜಮುದ್ರೆಯ ಪತ್ರ.

ಈಗ ಮೈಸೂರಿಗೆ ಬರೋಣ. ಲಕ್ಷ್ಮಮ್ಮಣ್ಣಿಯವರು 1766ರಲ್ಲಿ ನಿಧನರಾದ ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ. ರಾಜ್ಯದ ಅಧಿಕಾರವು 1761ರಿಂದಲೇ ಹೈದರಾಲಿಯ ಕೈಯಲ್ಲಿದ್ದಿತು. ಅರಮನೆಯ ಕಾವಲಿನೊಳಗಿದ್ದ ಈ ವಿಧವೆಗೆ ಸೈನ್ಯವಿರಲಿಲ್ಲ, ಬೊಕ್ಕಸವಿರಲಿಲ್ಲ. ಇದ್ದುದು ತಿರುಮಲರಾಯನಂಥ ದೂತರು ಮತ್ತು ಗುಪ್ತಪತ್ರಗಳು. 1782ರಲ್ಲಿ ತಂಜಾವೂರಿನಲ್ಲಿ ಇಂಗ್ಲಿಷರೊಡನೆ ಒಡಂಬಡಿಕೆಯಾಯಿತು. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ, ಜೂನ್ 30ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. 1810ರಲ್ಲಿ ನಿಧನರಾಗುವವರೆಗೆ ಮಹಾರಾಣಿಯವರೇ ಬಾಲರಾಜನ ಪೋಷಕರಾಗಿದ್ದರು. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು.

ಸಾಧನಗಳು ಇಬ್ಬರಿಗೂ ಒಂದೇ ಬಗೆಯವು. ಎಸ್ತೇರಳದು ಸಾಹಸವೆನಿಸಿದೆ, ಏಕೆಂದರೆ ಕಥೆಯನ್ನು ಬರೆದವರು ಅವಳ ಜನರು. ಹಾಮಾನನ ಪಕ್ಷದವರು ಬರೆದಿದ್ದರೆ ಅದೇ ಪಿತೂರಿಯಾಗುತ್ತಿತ್ತು. ಲಕ್ಷ್ಮಮ್ಮಣ್ಣಿಯವರಿಗೆ ಎರಡೂ ಪಕ್ಷಗಳ ಲೇಖಕರು ದೊರೆತಿರುವುದರಿಂದ ಎರಡೂ ಹೆಸರುಗಳು ಬಂದಿವೆ.

ಹಾಗೆಂದು ತೀರ್ಪನ್ನೇ ಕೈಬಿಡಬೇಕೆಂದಲ್ಲ. ಎಸ್ತೇರಳ ಕಥೆಯ ಕೊನೆಯಲ್ಲಿ ಎಪ್ಪತ್ತೈದು ಸಾವಿರ ಶತ್ರುಗಳು ಹತರಾದರೆಂದು ಪುಸ್ತಕವೇ ಹೇಳುತ್ತದೆ. ಮೈಸೂರು 1799ರ ಸಹಾಯಕ ಸೈನ್ಯದ ಒಪ್ಪಂದದಂತೆ ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹಗಳನ್ನು ತೆರಬೇಕಾಯಿತು. 1831ರಲ್ಲಿ ಆಡಳಿತವೂ ಕೈಬಿಟ್ಟಿತು. ಗೆಲುವಿನ ಬೆಲೆಯನ್ನು ತೆತ್ತವರು ಅಂತಃಪುರದ ಹೊರಗಿನ ಜನರು. ಆದುದರಿಂದ ಅಂತಃಪುರದ ಸ್ತ್ರೀಯನ್ನು ಆಕೆಗೆ ದೊರೆತಿದ್ದ ಸಾಧನಗಳಿಗಾಗಿ ನಿಂದಿಸದೆ, ಅವುಗಳಿಂದ ಉಂಟಾದ ಫಲವನ್ನು ತೂಗಿ ನೋಡುವುದೇ ನ್ಯಾಯ. ಆ ವಿದ್ಯಾರ್ಥಿನಿಗೆ ನನ್ನ ಉತ್ತರ ಇಷ್ಟೇ: ಹೆಸರನ್ನು ಕೊಡುವ ಮುನ್ನ, ಕೊಡುವವರು ಯಾರೆಂಬುದನ್ನು ವಿಚಾರಿಸತಕ್ಕದ್ದು.