ಭಾರದ ಲೆಕ್ಕವಿದೆ, ಅಗತ್ಯದ ಲೆಕ್ಕವಿಲ್ಲ

ಮನೆಯ ಹಳೆಯ ಕಂಪ್ಯೂಟರ್ ನಿಧಾನವಾಯಿತೆಂದು ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಸಲಹೆ ಫಾರ್ಮ್ಯಾಟ್. ಎಷ್ಟೋ ಸಲ ಅದು ಬೇಕಾಗಿಯೇ ಇರುವುದಿಲ್ಲ. ಯಂತ್ರ ಆನ್ ಆದೊಡನೆ ಕರೆಯದೆಯೇ ಶುರುವಾಗುವ ಪ್ರೋಗ್ರಾಂಗಳು ಕೆಲವಿರುತ್ತವೆ: ಪ್ರಿಂಟರಿನ ಜೊತೆ ಬಂದ ಅಪ್‌ಡೇಟರ್, ಹಾಡು ಕೇಳಲು ಹಾಕಿಕೊಂಡಿದ್ದ ಪ್ಲೇಯರಿನ ಸಹಾಯಕ, ಒಂದು ಕಾಲದಲ್ಲಿ ಮೊಮ್ಮಕ್ಕಳೊಡನೆ ಮಾತಾಡಿಸುತ್ತಿದ್ದು 2025ರ ಮೇ ತಿಂಗಳಲ್ಲಿ ಸೇವೆ ನಿಲ್ಲಿಸಿದ ಸ್ಕೈಪ್. ಇವನ್ನು ತಡೆದರೆ ಯಂತ್ರಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ತಡೆಯುವ ಸಲಕರಣೆಗಳನ್ನು ಮೈಕ್ರೋಸಾಫ್ಟ್ ಬಿಟ್ಟಿಯಾಗಿಯೇ ಕೊಟ್ಟಿದೆ. ಆದರೆ ಪರಿಣತರಲ್ಲದ ಮನೆಮಂದಿಗೆ ಅವು ಎಷ್ಟು ಒದಗುತ್ತವೆ?

ವಿಂಡೋಸ್ 98ರ ಜೊತೆ ಬಂದ ಎಂಎಸ್‌ಕಾನ್ಫಿಗ್ ಇವುಗಳಲ್ಲಿ ಹಿರಿಯದು. ವಿಂಡೋಸ್ 2000ದಲ್ಲಿ ಅದನ್ನು ಕೈಬಿಟ್ಟಿದ್ದರು, ಎಕ್ಸ್‌ಪಿಯಲ್ಲಿ ಮತ್ತೆ ಬಂತು. ಪ್ರೋಗ್ರಾಮಿನ ಹೆಸರು, ಅದನ್ನು ಓಡಿಸುವ ಕಮಾಂಡ್, ಅದು ರಿಜಿಸ್ಟ್ರಿಯಲ್ಲಿ ಎಲ್ಲಿ ಕುಳಿತಿದೆ ಎಂಬ ವಿಳಾಸ, ಮೂರನ್ನೂ ಒಂದೇ ಸಾಲಿನಲ್ಲಿ ಮುಚ್ಚುಮರೆಯಿಲ್ಲದೆ ತೋರಿಸುತ್ತಿತ್ತು. ರೋಗಪತ್ತೆಗೆಂದು ಮಾಡಿದ ಸಲಕರಣೆಯಾದ್ದರಿಂದ ಎಕ್ಸ್‌ಪಿಯಲ್ಲಿ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿದರೆ, ನೀವು ಬದಲಾವಣೆ ಮಾಡಿದ್ದೀರಿ ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತಿತ್ತು. ಅಷ್ಟಕ್ಕೇ ಹೆದರಿ ಎಲ್ಲವನ್ನೂ ಮೊದಲಿನಂತೆ ಮಾಡಿಬಿಡುವವರಿಗೆ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ.

2012ರಲ್ಲಿ ಬಂದ ವಿಂಡೋಸ್ 8 ಈ ಪಟ್ಟಿಯನ್ನು ಟಾಸ್ಕ್ ಮ್ಯಾನೇಜರಿಗೆ ತಂದಿತು. ಇಂದು ಹೆಚ್ಚಿನವರ ಕಣ್ಣಿಗೆ ಬೀಳುವುದು ಇದೇ. ನೋಡಲು ಚೊಕ್ಕಟ, ಬಳಸಲು ಸುಲಭ. ಪ್ರತಿ ಹೆಸರಿನ ಮುಂದೆ ‘ಹೈ’, ‘ಮೀಡಿಯಂ’, ‘ಲೋ’ ಎಂದು ಹೊರೆಯ ಅಂದಾಜೂ ಇರುತ್ತದೆ. ಶುರುವಾಗುವಾಗ ಪ್ರೊಸೆಸರಿನ ಒಂದು ಸೆಕೆಂಡಿಗಿಂತ ಹೆಚ್ಚು ಸಮಯವನ್ನೋ, ಡಿಸ್ಕಿನಲ್ಲಿ 3 ಎಂಬಿಗಿಂತ ಹೆಚ್ಚು ಓದುಬರಹವನ್ನೋ ತೆಗೆದುಕೊಂಡರೆ ಅದು ‘ಹೈ’. ಅಳತೆ ಸರಿಯಾಗಿಯೇ ಇದೆ. ನನ್ನ ತಕರಾರು ಅಳೆಯದೆ ಬಿಟ್ಟದ್ದರ ಬಗ್ಗೆ. ‘ಹೈ’ ಎಂದು ಕಂಡದ್ದು ಟಚ್‌ಪ್ಯಾಡ್ ನಡೆಸುವ ಪ್ರೋಗ್ರಾಂ ಆಗಿರಬಹುದು, ‘ಲೋ’ ಎಂದು ಕಂಡದ್ದು ಯಾರಿಗೂ ಬೇಡದ ಜಾಹೀರಾತಿನ ಸರಕಾಗಿರಬಹುದು. ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಮಾತ್ರ ಬೇರೆ ತಂತ್ರಾಂಶಗಳಲ್ಲಿ ಕನ್ನಡ ಟೈಪ್ ಮಾಡುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಗುರುತು ಸಿಗದ ಹೆಸರೆಂದು ಯಾರಾದರೂ ಅದನ್ನು ಡಿಸೇಬಲ್ ಮಾಡಿದರೆ ಮರುದಿನ ಅವರ ಕೀಲಿಮಣೆಯಲ್ಲಿ ಕನ್ನಡವೇ ಮೂಡದು. ಆ ಪ್ರೋಗ್ರಾಂ ಏನು ಮಾಡುತ್ತದೆ, ಅದು ನಿಂತರೆ ಏನು ನಿಲ್ಲುತ್ತದೆ ಎಂದು ಪಟ್ಟಿ ಎಲ್ಲಿಯೂ ಹೇಳುವುದಿಲ್ಲ.

ಇನ್ನೊಂದು ದೊಡ್ಡ ದೋಷವಿದೆ. ಕೆಲವು ಕಂಪ್ಯೂಟರುಗಳ ಪಟ್ಟಿಯಲ್ಲಿ ‘ಪ್ರೋಗ್ರಾಂ’ ಎಂದಷ್ಟೇ ಹೆಸರಿರುವ, ತಯಾರಕರ ಹೆಸರಿಲ್ಲದ ಸಾಲೊಂದು ಕಾಣಿಸುತ್ತದೆ. ವೈರಸ್ಸೇ ಇರಬೇಕೆಂದು ಮನೆಯವರು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದು ಎಂದೋ ತೆಗೆದುಹಾಕಿದ ತಂತ್ರಾಂಶ ಬಿಟ್ಟುಹೋದ ಉಳಿಕೆ. ‘ಪ್ರೋಗ್ರಾಂ ಫೈಲ್ಸ್’ ಎಂಬ ಫೋಲ್ಡರಿನ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಬರೆಯದಿದ್ದಾಗ, ನಡುವಿನ ಖಾಲಿ ಜಾಗಕ್ಕೇ ಓದು ನಿಂತು, ಹೆಸರಿನ ಅರ್ಧ ಮಾತ್ರ ಉಳಿಯುತ್ತದೆ. ಕಾಲಂಗಳ ತಲೆಯ ಮೇಲೆ ಬಲ ಕ್ಲಿಕ್ ಮಾಡಿ ‘ಕಮಾಂಡ್ ಲೈನ್’ ಆರಿಸಿಕೊಂಡರೆ ಪೂರ್ತಿ ವಿಳಾಸ ಕಂಡು ಗುಟ್ಟು ಬಯಲಾಗುತ್ತದೆ. ಇಷ್ಟು ಮುಖ್ಯವಾದ ಕಾಲಮನ್ನು ಮೊದಲಿಗೇ ತೆರೆದಿಡದೆ ಅಡಗಿಸಿಟ್ಟದ್ದು ತಪ್ಪು ತೀರ್ಮಾನ. ಹಳೆಯ ಎಂಎಸ್‌ಕಾನ್ಫಿಗ್ ಈ ವಿಷಯದಲ್ಲಿ ಮೇಲಿತ್ತು. ಸಾಲದ್ದಕ್ಕೆ ಟಾಸ್ಕ್ ಶೆಡ್ಯೂಲರ್ ಮೂಲಕ ಓಡುವ ಗೂಗಲ್, ಅಡೋಬಿ ಅಪ್‌ಡೇಟರುಗಳಾಗಲಿ, ಸರ್ವಿಸ್‌ಗಳಾಗಲಿ ಈ ಪಟ್ಟಿಗೆ ಬರುವುದೇ ಇಲ್ಲ. ಪಟ್ಟಿ ಬರಿದಾದರೂ ಯಂತ್ರ ಏಕೆ ಒದ್ದಾಡುತ್ತಿದೆ ಎಂದು ಕೇಳುವವರಿಗೆ ಉತ್ತರ ಹಲವು ಸಲ ಅಲ್ಲಿರುತ್ತದೆ.

ಅದನ್ನೆಲ್ಲ ತೋರಿಸುವುದು ಆಟೋರನ್ಸ್. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್ ಬಳಗದ ಈ ಸಲಕರಣೆಯನ್ನು ಇನ್‌ಸ್ಟಾಲ್ ಮಾಡಬೇಕಿಲ್ಲ. ಇಬ್ಬರೂ ನಡೆಸುತ್ತಿದ್ದ ಕಂಪನಿಯನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಮೇಲೂ ಅದು ಉಚಿತವಾಗಿಯೇ ಉಳಿದಿದೆ. ಫೈಲೇ ಇಲ್ಲದ ಸಾಲು ಹಳದಿ, ತಯಾರಕರ ಗುರುತು ಖಚಿತವಾಗದ ಸಾಲು ನಸುಗೆಂಪು. ಮೈಕ್ರೋಸಾಫ್ಟಿನದೇ ಸಾಲುಗಳನ್ನು ಮರೆಮಾಡುವ ಆಯ್ಕೆಯಿದೆ, ಅದನ್ನು ಆರಿಸಿಕೊಂಡರೆ ಉದ್ದನೆಯ ಪಟ್ಟಿ ಕಣ್ಣಿಗೆ ನಿಲುಕುವಷ್ಟಾಗುತ್ತದೆ. ಸಂಪೂರ್ಣತೆಯಲ್ಲಿ ಇದಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ. ನನಗೆ ಬಹಳ ಮೆಚ್ಚುಗೆಯಾದದ್ದು ಪಟ್ಟಿಯನ್ನು ಉಳಿಸಿಟ್ಟು ಮುಂದೆಂದೋ ಹೋಲಿಸಿ ನೋಡುವ ಸೌಲಭ್ಯ. ಹೊಸದಾಗಿ ಬಂದು ಸೇರಿದ್ದೇನು ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಊಹೆಯ ಕೆಲಸವೇ ಇರುವುದಿಲ್ಲ. ಆದರೆ ಡ್ರೈವರುಗಳ ಸಾಲಿನಲ್ಲಿ ತಪ್ಪು ಟಿಕ್ ತೆಗೆದರೆ ವಿಂಡೋಸ್ ಶುರುವಾಗದೆಯೇ ಹೋಗಬಹುದು, ಅದಕ್ಕೆ ತಕ್ಕ ವಿವರಣೆ ಆ ಸಾಲಿನ ಪಕ್ಕದಲ್ಲಿಲ್ಲ. ತಿಳಿದವರು ಪಕ್ಕದಲ್ಲಿಲ್ಲದಿದ್ದರೆ ಲಾಗಾನ್ ಮತ್ತು ಶೆಡ್ಯೂಲ್ಡ್ ಟಾಸ್ಕ್ಸ್ ಪುಟಗಳಾಚೆಗೆ ಕೈ ಹಾಕಬಾರದು.

ವೇಗ ಹೆಚ್ಚಿಸುತ್ತೇವೆಂದು ಹೇಳಿಕೊಳ್ಳುವ ಕ್ಲೀನರುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವುಗಳಲ್ಲಿ ಅನೇಕವು ತಾವೇ ಸ್ಟಾರ್ಟಪ್ ಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ.

ಸಲಕರಣೆ ಯಾವುದೇ ಇರಲಿ, ಹತ್ತನ್ನು ಒಟ್ಟಿಗೆ ನಿಲ್ಲಿಸಿ ಫಲಿತಾಂಶ ನೋಡುವ ಅಭ್ಯಾಸ ಕೆಟ್ಟದ್ದು, ಆಮೇಲೆ ಏನಾದರೂ ಕೆಟ್ಟರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಒಂದನ್ನು ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಆ ದಿನದ ಕೆಲಸ ಎಂದಿನಂತೆ ನಡೆಯಿತೇ ನೋಡಿ, ಆಮೇಲೆ ಮುಂದಿನದು. ಶಟ್‌ಡೌನ್ ಸಾಲದು: ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಇರುವ ಯಂತ್ರಗಳಲ್ಲಿ ಶಟ್‌ಡೌನ್ ಆದಾಗ ಕರ್ನೆಲ್ ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದಿರುತ್ತದೆ. ಆಂಟಿವೈರಸ್ಸನ್ನು ಮುಟ್ಟಬೇಡಿ. ಬೇಡವೆಂದು ಖಚಿತವಾದ ತಂತ್ರಾಂಶವನ್ನು ಕಂಟ್ರೋಲ್ ಪ್ಯಾನೆಲ್ ಮೂಲಕ ಅನ್‌ಇನ್‌ಸ್ಟಾಲ್ ಮಾಡುವುದು ಬರೀ ಟಿಕ್ ತೆಗೆಯುವುದಕ್ಕಿಂತ ಒಳ್ಳೆಯದು.

ಈ ಶುಚಿಕಾರ್ಯಕ್ಕೆ ಮಿತಿಯೂ ಇದೆ. 2 ಜಿಬಿ ರ್‍ಯಾಮ್ ಮತ್ತು ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಹಲವು ಪ್ರೋಗ್ರಾಂಗಳು ಒಮ್ಮೆಗೇ ಫೈಲು ಕೇಳಿದಾಗ ಡಿಸ್ಕಿನ ಹೆಡ್ ಅತ್ತಿತ್ತ ಓಡಾಡುವುದರಲ್ಲೇ ಸಮಯ ಹೋಗುತ್ತದೆ. ಪಟ್ಟಿ ಚಿಕ್ಕದಾದಂತೆ ಈ ಓಡಾಟ ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಅಂಥಲ್ಲಿ ಎಸ್‌ಎಸ್‌ಡಿ ಹಾಕಿಸುವುದೇ ದೊಡ್ಡ ಪರಿಹಾರ.

ದಿನಬಳಕೆಗೆ ಟಾಸ್ಕ್ ಮ್ಯಾನೇಜರ್ ಸಾಕು, ಕಮಾಂಡ್ ಲೈನ್ ಕಾಲಂ ತೆರೆದಿಟ್ಟುಕೊಂಡರೆ. ಆಟೋರನ್ಸನ್ನು ಮಾತ್ರ ತೊಂದರೆ ಬರುವವರೆಗೆ ಕಾಯದೆ, ಯಂತ್ರ ಚೆನ್ನಾಗಿ ಓಡುತ್ತಿರುವ ದಿನವೇ ಒಮ್ಮೆ ತೆರೆದು ಪಟ್ಟಿಯನ್ನು ಉಳಿಸಿಡಿ.