ಪೆಸ್ಸೋವಾ: ಪಾಠ ಮತ್ತು ಸಂಪಾದಕ

ಪೋರ್ಚುಗೀಸ್ ಕವಿ ಫರ್ನಾಂಡೊ ಪೆಸ್ಸೋವಾ 1935ರಲ್ಲಿ ಲಿಸ್ಬನ್ನಿನಲ್ಲಿ ತೀರಿಕೊಂಡಾಗ ಅವನ ಪೆಟ್ಟಿಗೆಯಲ್ಲಿ 25,000ಕ್ಕೂ ಹೆಚ್ಚು ಹಾಳೆಗಳು ಉಳಿದಿದ್ದವು. ಬರ್ನಾರ್ಡೊ ಸೋರೆಸ್ ಎಂಬ ಲೆಕ್ಕದ ಗುಮಾಸ್ತನನ್ನು ಕಲ್ಪಿಸಿ, ಅವನ ಹೆಸರಿಗೆ ಕಡೆಗೆ ಸೇರಿಸಿದ ‘ಅಶಾಂತಿಯ ಪುಸ್ತಕ’ದ ಗದ್ಯಖಂಡಗಳೂ ಅವುಗಳಲ್ಲಿದ್ದವು. ಅವು ಗ್ರಂಥರೂಪ ತಾಳಿದ್ದು 1982ರಲ್ಲಿ. ಕರ್ತೃವು ಅಂತಿಮ ಕ್ರಮವನ್ನು ನಿಶ್ಚಯಿಸಿರಲಿಲ್ಲವಾದ್ದರಿಂದ ಪ್ರತಿ ಸಂಪಾದಕನೂ ತನ್ನದೇ ಕ್ರಮವನ್ನು ಕಟ್ಟಬೇಕಾಯಿತು. ಜೆರೊನಿಮೊ ಪಿಜಾರೊ ಅವರ ಆವೃತ್ತಿ (2010) ಕಾಲಾನುಕ್ರಮವನ್ನು ಅನುಸರಿಸುತ್ತದೆ. ರಿಚರ್ಡ್ ಜೆನಿತ್ ಅವರದು (1998) ಅನುಸರಿಸುವುದಿಲ್ಲ.

ಆದ್ದರಿಂದ ಪುಟಗಳ ಅನುಕ್ರಮವನ್ನು ನಂಬಿ ಸೋರೆಸನ ಚಿಂತನೆಯ ‘ವಿಕಾಸ’ವನ್ನು ಸಾಧಿಸಹೊರಟ ವಿಮರ್ಶೆಯು ವಾಸ್ತವವಾಗಿ ಸಂಪಾದಕನ ಜೋಡಣೆಯನ್ನೇ ವಿಮರ್ಶಿಸುತ್ತಿರುತ್ತದೆ. ಬಿಡಿಖಂಡದ ಧ್ವನಿ, ಪ್ರತಿಮೆಗಳು ಕರ್ತೃವಿನವು. ಅನುಕ್ರಮದಿಂದ ಹುಟ್ಟುವ ಅರ್ಥ ಸಂಪಾದಕನದು. ಅನುವಾದಗಳನ್ನು ಅವಲಂಬಿಸುವ ತೌಲನಿಕ ಅಧ್ಯಯನವು ತನ್ನ ಆಧಾರಪಾಠ ಯಾವುದೆಂಬುದನ್ನು ಮೊದಲಿಗೇ ಸ್ಪಷ್ಟಪಡಿಸುವುದು ಅಗತ್ಯ.