ಎಪ್ಪತ್ತೈದು ಅಂಕಗಳ ಕರ್ನಾಟಕವೂ ಸವಳಂಗದ ಸೀಮೆಯೂ

ನೀತಿ ಆಯೋಗವು 2024ರ ಜುಲೈ ತಿಂಗಳಿನಲ್ಲಿ ಪ್ರಕಟಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳ ಸೂಚ್ಯಂಕದಲ್ಲಿ ಕರ್ನಾಟಕವು ನೂರಕ್ಕೆ 75 ಅಂಕಗಳನ್ನು ಪಡೆಯಿತೆಂಬುದೂ, 2018ರ ಮೊದಲನೆಯ ಆವೃತ್ತಿಯಲ್ಲಿ 64 ಆಗಿದ್ದ ಅಂಕವು 66, 72 ಎಂಬ ಸೋಪಾನಗಳನ್ನೇರಿ ಅಲ್ಲಿಗೆ ತಲಪಿತೆಂಬುದೂ ಈಗ ಆಡಳಿತಗಾರರ ಭಾಷಣಗಳಲ್ಲಿಯೂ ಅರ್ಥಶಾಸ್ತ್ರಜ್ಞರ ಲೇಖನಗಳಲ್ಲಿಯೂ ಪರೀಕ್ಷೆಯನ್ನು ಬೇಡದ ಸತ್ಯಗಳಾಗಿ ನೆಲೆಗೊಂಡಿವೆ. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಹದಿನೇಳು ಗುರಿಗಳೇ ಈ ಸೂಚ್ಯಂಕಕ್ಕೆ ಆಧಾರ. ಈ ಸೂಚ್ಯಂಕಕ್ಕೆ ಸಂದ ಕೀರ್ತಿಯು ಅದರ ಯೋಗ್ಯತೆಯನ್ನು ಮೀರಿದುದೆಂದೂ, ಅದಕ್ಕಿಂತ ಹದಿನಾರು ವರ್ಷ ಮೊದಲೇ ಕನ್ನಡನಾಡಿನ ಅಸಮತೆಯನ್ನು ತಾಲ್ಲೂಕು ತಾಲ್ಲೂಕಾಗಿ ಅಳೆದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯ ವರದಿಗೆ ಸಲ್ಲಬೇಕಾದ ಮನ್ನಣೆಯು ಇನ್ನೂ ಸಂದಿಲ್ಲವೆಂದೂ ನನ್ನ ದೃಢವಾದ ಅಭಿಪ್ರಾಯ.

2002ರಲ್ಲಿ ಸರಕಾರದ ಕೈಸೇರಿದ ಆ ವರದಿಯು ಮೂವತ್ತೈದು ಸೂಚಕಗಳನ್ನು ಆರಿಸಿಕೊಂಡು, ರಾಜ್ಯದ ಸರಾಸರಿಯನ್ನು ಒಂದೆಂದು ಹಿಡಿದು, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವುಗಳೆಂದೂ, ಅವುಗಳೊಳಗೆ 39 ಅತ್ಯಂತ ಹಿಂದುಳಿದವುಗಳೆಂದೂ ನಿರ್ಣಯಿಸಿತು. ಜಗಳೂರು ಆ ಹಿಂದುಳಿದ ಸಾಲಿನಲ್ಲಿ ನಿಂತಿತು. ಚನ್ನಗಿರಿಯೂ ಹೊನ್ನಾಳಿಯೂ ಹಿಂದುಳಿದವುಗಳ ಪಟ್ಟಿಯಿಂದ ತಪ್ಪಿಸಿಕೊಳ್ಳಲಿಲ್ಲ. ನೆರೆಯ ಶಿವಮೊಗ್ಗದ ಹಸುರನ್ನು ನೋಡಿ ಈ ತಾಲ್ಲೂಕುಗಳ ಸೀಮೆಯನ್ನೂ ಸುಭಿಕ್ಷವೆಂದು ಭಾವಿಸುತ್ತಿದ್ದವರಿಗೆ ಆ ಪಟ್ಟಿಯು ನಿಜಸ್ಥಿತಿಯನ್ನು ತೋರಿಸಿತು. ರಾಜ್ಯವೆಂಬ ಒಂದೇ ಏಕಕವನ್ನು ಹಿಡಿದು ಹೊರಟ ಯಾವ ಗಣನೆಯೂ ಇದನ್ನು ತೋರಿಸಲಾರದು.

ನೀತಿ ಆಯೋಗದ ಅಂಕವು ಹುಟ್ಟುವ ಕ್ರಮವನ್ನು ಸಾವಧಾನವಾಗಿ ಪರಿಶೀಲಿಸಬೇಕು. ಒಂದೊಂದು ಸೂಚಕಕ್ಕೂ ತಲಪಬೇಕಾದ ಗುರಿಯನ್ನು ನೂರೆಂದೂ, ರಾಜ್ಯಗಳಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದುದರ ಮೌಲ್ಯವನ್ನು ಸೊನ್ನೆಯೆಂದೂ ಇಟ್ಟುಕೊಂಡು, ಮಿಕ್ಕವುಗಳನ್ನು ಆ ಎರಡರ ನಡುವೆ ಹಂಚುತ್ತಾರೆ. ಹಿಂದೆ ಬಿದ್ದ ರಾಜ್ಯದ ಮೌಲ್ಯವು ಶೇಕಡ 20, ಗುರಿಯು ಶೇಕಡ 100 ಎಂದು ಭಾವಿಸಿದರೆ, ಶೇಕಡ 60 ಸಾಧಿಸಿದ ರಾಜ್ಯಕ್ಕೆ 50 ಅಂಕ ಬರುತ್ತದೆ. ಮುಂದಿನ ಆವೃತ್ತಿಯ ವೇಳೆಗೆ ಹಿಂದಿನ ರಾಜ್ಯವು ಶೇಕಡ 40ಕ್ಕೆ ಏರಿದುದಾದರೆ, ಶೇಕಡ 60ರಲ್ಲಿಯೇ ನಿಂತ ರಾಜ್ಯದ ಅಂಕವು 50ರಿಂದ 33ಕ್ಕೆ ಇಳಿಯುತ್ತದೆ. ಅಲ್ಲಿನ ಒಂದು ಮನೆಯಲ್ಲಿಯೂ ಏನೂ ಬದಲಾಗದೆ, ಎಲ್ಲಿಯೋ ದೂರದ ರಾಜ್ಯವೊಂದರ ಏಳಿಗೆಯಿಂದ ಇಲ್ಲಿಯ ಅಂಕವು ಕುಸಿಯುವ, ಅಥವಾ ಅದರ ಅಧೋಗತಿಯಿಂದ ಇಲ್ಲಿಯ ಅಂಕವು ಏರುವ ಈ ಮಾನದಂಡವನ್ನು ಪ್ರಗತಿಯ ಮಾಪನವೆಂದು ಹೇಗೆ ಒಪ್ಪಿಕೊಳ್ಳುವುದು? ಇದರ ಮೇಲೆ ಸೂಚಕಗಳ ಸಂಖ್ಯೆಯೇ ಸ್ಥಿರವಾಗಿಲ್ಲ: ಮೊದಲನೆಯ ಆವೃತ್ತಿಯಲ್ಲಿ 62, ಎರಡನೆಯದರಲ್ಲಿ 100, ಮೂರನೆಯದರಲ್ಲಿ 115, ನಾಲ್ಕನೆಯದರಲ್ಲಿ 113. ಅಳೆಯುವ ಕೋಲು ಪ್ರತಿಸಲವೂ ಬೇರೆಯಾಗಿರುವಾಗ 64ರಿಂದ 75ಕ್ಕೆ ಏರಿದೆವೆಂಬ ಮಾತು ಗಣಿತದ ದೃಷ್ಟಿಯಿಂದ ನಿರಾಧಾರವಾದುದು.

ಹೀಗೆ ಬಂದ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವಲ್ಲಿ ಮತ್ತೊಂದು, ಇದಕ್ಕಿಂತ ಘೋರವಾದ, ದೋಷವು ಸೇರುತ್ತದೆ. ಸಾಧಾರಣ ಸರಾಸರಿಯಲ್ಲಿ ಒಂದರ ಕೊರತೆಯನ್ನು ಇನ್ನೊಂದರ ಸಮೃದ್ಧಿಯು ತುಂಬಿಕೊಡುತ್ತದೆ. ವಿದ್ಯುತ್ತಿನ ನೂರು ಅಂಕವು ನೀರಿನ ಅಭಾವವನ್ನು ಮರೆಸುತ್ತದೆ. ಮಾನವ ಅಭಿವೃದ್ಧಿ ಸೂಚ್ಯಂಕವನ್ನು 1990ರಿಂದ ಪ್ರಕಟಿಸುತ್ತ ಬಂದವರು ಈ ದೋಷವನ್ನು ಕಂಡುಕೊಂಡೇ 2010ರಲ್ಲಿ ಅದನ್ನು ಬಿಟ್ಟು ಗುಣೋತ್ತರ ಸರಾಸರಿಯನ್ನು ಸ್ವೀಕರಿಸಿದರು. ಗುಣಾಕಾರದಿಂದ ಬರುವ ಆ ಸರಾಸರಿಯಲ್ಲಿ ಒಂದು ಅಂಗದ ಕ್ಷೀಣತೆಯು ಇಡೀ ಫಲವನ್ನು ಕೆಳಗೆಳೆಯುತ್ತದೆ. ಎಂಟು ವರ್ಷಗಳ ತರುವಾಯ ಹೊಸದಾಗಿ ಆರಂಭವಾದ ಲೆಕ್ಕವೊಂದು ಹಳೆಯ ದೋಷವನ್ನೇ ಏಕೆ ಅಂಗೀಕರಿಸಿತೆಂಬ ಪ್ರಶ್ನೆಯನ್ನು ನಮ್ಮ ವಿಮರ್ಶಕರು ಗಟ್ಟಿಯಾಗಿ ಎತ್ತಿದುದನ್ನು ನಾನು ಕಂಡಿಲ್ಲ.

ಸೂಚಕವು ಏನನ್ನು ಎಣಿಸುತ್ತದೆ ಎಂಬುದು ಇನ್ನೂ ಮುಖ್ಯ. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತವು ಬಯಲುಶೌಚದಿಂದ ಮುಕ್ತವಾಯಿತೆಂದು ಸಾರಲಾಯಿತು. ಕಟ್ಟಿದ ಶೌಚಾಲಯಗಳನ್ನು ಎಣಿಸುವ ಸೂಚಕವು ಪೂರ್ಣಾಂಕವನ್ನು ಕೊಟ್ಟಿತು. ಅದೇ ಕಾಲದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು, ಮನೆಯವರನ್ನೇ ಕೇಳಿ, ದೇಶದ ಶೇಕಡ 19 ಕುಟುಂಬಗಳು ಯಾವ ಶೌಚಾಲಯವನ್ನೂ ಬಳಸುತ್ತಿಲ್ಲವೆಂದು ವರದಿಮಾಡಿತು. ಒಂದು ಗೋಡೆಯನ್ನು ಎಣಿಸಿತು, ಇನ್ನೊಂದು ಮನುಷ್ಯನನ್ನು ಕೇಳಿತು. ನೀರಿನ ವಿಷಯವೂ ಹಾಗೆಯೇ. ಜಲಜೀವನ ಯೋಜನೆಯಲ್ಲಿ, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾದುದರಲ್ಲಿ, ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಲ್ಲಬೇಕೆಂಬ ನಿಯಮವಿದೆ. ಆದರೆ ಮೇಲಿನ ಕಚೇರಿಯವರೆಗೆ ಸುಲಭವಾಗಿ ಏರಿ ಹೋಗುವುದು ಹಾಕಿದ ನಲ್ಲಿಗಳ ಸಂಖ್ಯೆ. ಬೇಸಗೆಯಲ್ಲಿ ವಾರಕ್ಕೆ ಎಷ್ಟು ದಿನ ನೀರು ಬಿಟ್ಟರೆಂಬುದನ್ನು ಊರಿನ ನೀರುಗಂಟಿಯು ಬಲ್ಲನು. ಅವನ ಆ ತಿಳಿವಳಿಕೆಗೆ ಯಾವ ಕೋಷ್ಟಕದಲ್ಲಿಯೂ ಸ್ಥಾನವಿಲ್ಲ. ಜಗಳೂರಿನಂಥ ಫ್ಲೋರೈಡ್ ಪೀಡಿತ ಸೀಮೆಯಲ್ಲಿ ನಲ್ಲಿಯಿಂದ ಬರುವ ನೀರು ಎಂಥದೆಂಬುದು ಬೇರೆಯೇ ಪ್ರಶ್ನೆ.

ನಂಜುಂಡಪ್ಪ ವರದಿಯು ನಿರ್ದೋಷವೆಂದು ಯಾರೂ ಹೇಳುವುದಿಲ್ಲ. ಹೆಕ್ಟೇರಿಗೆ ಬಳಸಿದ ರಾಸಾಯನಿಕ ಗೊಬ್ಬರದ ಕಿಲೋಗ್ರಾಮುಗಳನ್ನು ಅದು ಅಭಿವೃದ್ಧಿಯ ಲಕ್ಷಣವೆಂದು ಎಣಿಸಿತು. ನೀರಾವರಿಯ ವಿಸ್ತೀರ್ಣವನ್ನು ಎಣಿಸುವಾಗ ಭದ್ರಾ ನಾಲೆಯ ನೀರನ್ನೂ ಕೊಳವೆಬಾವಿಯ ನೀರನ್ನೂ ಒಂದೇ ತಕ್ಕಡಿಯಲ್ಲಿಟ್ಟಿತು. ಚನ್ನಗಿರಿಯ ಅಡಿಕೆ ತೋಟಗಳಿಗೆ ಬರಗಾಲದಲ್ಲಿ ಟ್ಯಾಂಕರಿನಿಂದ ನೀರು ಹೊಯ್ದು ಗಿಡಗಳನ್ನು ಉಳಿಸಿಕೊಂಡ ರೈತರ ಸಂಕಟವನ್ನು ಬಲ್ಲವರಿಗೆ, ಆ ತೋಟಗಳ ವಿಸ್ತೀರ್ಣವು ಏಳಿಗೆಯ ಅಂಕಣದಲ್ಲಿ ಹೇಗೆ ಬರುತ್ತದೆ, ಬತ್ತುತ್ತಿರುವ ಅಂತರ್ಜಲವು ಏಕೆ ಎಲ್ಲಿಯೂ ಬರುವುದಿಲ್ಲ ಎಂಬುದು ವ್ಯಥೆಯ ವಿಷಯ. ಆದರೂ ಆ ವರದಿಯ ದೋಷಗಳು ಕಣ್ಣಿಗೆ ಕಾಣುವಂಥವು. ಸೂಚಕವನ್ನು ಹೆಸರಿಸಿ, ತಾಲ್ಲೂಕನ್ನು ಹೆಸರಿಸಿ, ಇದು ತಪ್ಪೆಂದು ವಾದಿಸಲು ಓದುಗನಿಗೆ ಅವಕಾಶವಿದೆ. 75 ಎಂಬ ಅಂಕದೊಡನೆ, ಇಂದಿನ ನ್ಯಾಮತಿ ತಾಲ್ಲೂಕಿನ ಸವಳಂಗದ ಓದುಗನು ಯಾವ ವಾದವನ್ನು ಹೂಡಬಲ್ಲನು?

ಇಲ್ಲಿ ಎರಡು ಪಕ್ಷದ ವಿಮರ್ಶಕರೊಡನೆ ನನಗೆ ಜಗಳವಿದೆ. ಮನುಷ್ಯನ ಸುಖದುಃಖಗಳು ಸಂಖ್ಯೆಗೆ ಅತೀತವಾದುವು, ಆದುದರಿಂದ ಈ ಗಣನೆಯೇ ವ್ಯರ್ಥ ಎನ್ನುವವರು ಮೊದಲನೆಯ ಪಕ್ಷ. ಇವರ ಮಾತು ಉದಾತ್ತವಾಗಿ ಕೇಳಿಸುತ್ತದೆ. ಆದರೆ ಎಣಿಕೆಯೇ ಇಲ್ಲದ ಕಾಲದಲ್ಲಿ ಹಣವು ಪ್ರಬಲರಿದ್ದ ಊರಿಗೆ ಹೋಗುತ್ತಿತ್ತೆಂಬುದನ್ನು ಇವರು ಮರೆಯುತ್ತಾರೆ. ನಂಜುಂಡಪ್ಪ ವರದಿಯು ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಲು ಸಾಧ್ಯವಾದುದು ಎಣಿಕೆಯ ಬಲದಿಂದಲೇ. ಸೂಚಕಗಳನ್ನು ಹೆಚ್ಚಿಸುತ್ತ ಹೋದರೆ ಸತ್ಯವು ಸಮೀಪಿಸುತ್ತದೆ ಎನ್ನುವವರು ಎರಡನೆಯ ಪಕ್ಷ. ಇವರ ಆಕಾಂಕ್ಷೆಯು 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ಪಂಚಾಯತಿ ಪ್ರಗತಿ ಸೂಚ್ಯಂಕದಲ್ಲಿ ಫಲಿಸಿದೆ: ಒಂಬತ್ತು ವಿಷಯಗಳು, 435 ಸೂಚಕಗಳು, ಎರಡು ಲಕ್ಷಕ್ಕೂ ಮಿಕ್ಕ ಗ್ರಾಮ ಪಂಚಾಯತಿಗಳು. ಗ್ರಾಮದವರೆಗೆ ಇಳಿದುದು ಸ್ತುತ್ಯವೇ. ಆದರೆ ಬೇರೆ ನೂರು ಕೆಲಸಗಳ ನಡುವೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಬ್ಬರು ಇಲಾಖೆಗಳ ಬಾಗಿಲಿಗೆ ಅಲೆದು ಇಷ್ಟು ಅಂಕಣಗಳನ್ನು ತುಂಬಬೇಕಾದಲ್ಲಿ, ಪರೀಕ್ಷೆ ಬರೆಯುವವನ ಕೈಗೇ ಮೌಲ್ಯಮಾಪನವನ್ನೂ ಕೊಟ್ಟಂತಾಗುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸುತ್ತಣ ತಾಂಡಾಗಳಿಂದ ಕೂಲಿಗೆ ಗುಳೆ ಹೋಗುವ ಕುಟುಂಬದ ಮಗುವಿನ ಹೆಸರು ಶಾಲೆಯ ದಾಖಲಾತಿಯಲ್ಲಿರುತ್ತದೆ, ಮಗುವು ಶಾಲೆಯಲ್ಲಿರುವುದಿಲ್ಲ. ದಾಖಲಾತಿಯನ್ನು 435 ವಿಧವಾಗಿ ಎಣಿಸಿದರೂ ಈ ಗೈರುಹಾಜರಿಯು ಕಾಣಬರಲಾರದು.

ನಂಜುಂಡಪ್ಪ ವರದಿಯು ಬಂದ 2002ರಲ್ಲಿ ನ್ಯಾಮತಿ ತಾಲ್ಲೂಕೇ ಇರಲಿಲ್ಲ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಹಾದಿಯ ಮೇಲಿರುವ ಸವಳಂಗವು ಅಂದು ಹೊನ್ನಾಳಿಯ ಅಂಕದೊಳಗೆ ಸೇರಿತ್ತು. ತುಂಗಭದ್ರೆಯ ದಡದ ಗದ್ದೆಗಳೂ ಅರೆಮಲೆನಾಡಿನ ಮಳೆಯಾಶ್ರಿತ ಮೆಕ್ಕೆಜೋಳದ ಹೊಲಗಳೂ ಒಂದೇ ಸರಾಸರಿಯಲ್ಲಿ ಬೆರೆತುಹೋಗಿದ್ದುವು. ಈಗ ತಾಲ್ಲೂಕು ಬೇರೆಯಾಗಿದೆ. ಪ್ರಾದೇಶಿಕ ಅಸಮತೋಲನವನ್ನು ಮರಳಿ ಪರಿಶೀಲಿಸಲು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ 2024ರಲ್ಲಿ ಸಮಿತಿಯೊಂದು ನೇಮಕವಾಯಿತು. ಇನ್ನು ಮುಂದೆ ನ್ಯಾಮತಿಗೆ ತನ್ನದೇ ಒಂದು ಸಾಲು ದೊರೆಯುವಲ್ಲೆಲ್ಲ, ಆ ಸಾಲಿನಲ್ಲಿ ಗೊಬ್ಬರದ ತೂಕದ ಬದಲು ಅಂತರ್ಜಲದ ಆಳವೂ, ನಲ್ಲಿಗಳ ಲೆಕ್ಕದೊಡನೆ ನೀರು ಬಂದ ದಿನಗಳ ಲೆಕ್ಕವೂ, ದಾಖಲಾತಿಯೊಡನೆ ಹಾಜರಿಯೂ ಇರಬೇಕು. ಅವೆಲ್ಲವನ್ನೂ ಕೂಡಿಸಿ ಒಂದೇ ಅಂಕವನ್ನಾಗಿ ಮಾಡುವ ಕೆಲಸವನ್ನು ಕೈಬಿಟ್ಟರೂ ಆ ತಾಲ್ಲೂಕಿಗೆ ನಷ್ಟವೇನೂ ಆಗದು.